ಗೆದ್ದ ದಿನ ಮಸಾಲೆ ದೋಸೆ, ಸೋತ ದಿನ ಮೌನ

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಬ್ಯಾಡ್ಮಿಂಟನ್ ಆಡುತ್ತಾಳೆ. ಗೆದ್ದರೆ ಮನೆಯಲ್ಲಿ ಹಬ್ಬ. ವಾಟ್ಸ್‌ಆ್ಯಪ್ ಸ್ಟೇಟಸ್, ಹೋಟೆಲಿನಲ್ಲಿ ಮಸಾಲೆ ದೋಸೆ. ಸೋತರೆ ನನ್ನ ಗಂಡ ಊರು ಮುಟ್ಟುವವರೆಗೂ ಕಾರಿನಲ್ಲಿ ಮಾತಾಡುವುದಿಲ್ಲ. ಆಮೇಲೆ ಯಾವ ಶಾಟ್ ತಪ್ಪಾಯಿತು ಅಂತ ಶುರು ಮಾಡುತ್ತಾರೆ. ಈಗೀಗ ಟೂರ್ನಮೆಂಟಿನ ಹಿಂದಿನ ದಿನ ಅವಳಿಗೆ ಹೊಟ್ಟೆನೋವು. ಸೋತರೆ ಸರಿಯಾಗಿ ಊಟ ಮಾಡುವುದಿಲ್ಲ. ‘ಎರಡನ್ನೂ ಸಮನಾಗಿ ತಗೋ’ ಅಂದರೆ ‘ನಿಂಗೊತ್ತಾಗಲ್ಲಮ್ಮ’ ಅನ್ನುತ್ತಾಳೆ. ಆಟ ಬಿಡಿಸಿಬಿಡೋಣವೇ?
– ಒಬ್ಬ ತಾಯಿ, ಹಾಸನ

ಉತ್ತರ: ಈಗಲೇ ಬಿಡಿಸಬೇಡಿ. ಅವಳಿಗೆ ಸೋಲಿನ ಭಯಕ್ಕಿಂತ ಸೋತ ಮೇಲಿನ ಕಾರಿನ ಭಯ ಜಾಸ್ತಿ ಇದ್ದಂತಿದೆ.

ಸೋತ ಮಗು ಅಳಲಿ. ಬೆಳಿಗ್ಗೆ ಐದಕ್ಕೆ ಎದ್ದು ಕೋರ್ಟಿಗೆ ಓಡುವ ಹುಡುಗಿಗೆ ಸೋತಾಗ ನೋವಾಗದಿದ್ದರೆ ಹೇಗೆ? ‘ಸಮನಾಗಿ ತಗೋ’ ಅನ್ನುವ ಮಾತು ಆ ಹೊತ್ತಿಗೆ ಅವಳಿಗೆ ‘ಅಳಬೇಡ’ ಅಂತಲೇ ಕೇಳಿಸುತ್ತದೆ. ಸಮನಾಗಿ ಇರಬೇಕಾದ್ದು ನೀವಿಬ್ಬರು. ಗೆದ್ದ ದಿನ ದೋಸೆ ಉಂಟು ಅಂದರೆ ಸೋತ ದಿನವೂ ಇರಲಿ. ಸ್ಟೇಟಸ್ ಹಾಕುವ ಮೊದಲು ಅವಳನ್ನು ಕೇಳಿ. ಇವತ್ತು ಹೊಗಳಿದ ನೆಂಟರೇ ಮುಂದಿನ ವಾರ ‘ಏನಾಯ್ತು?’ ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಬೇಕಾದವಳು ಅವಳೇ ಅಲ್ವಾ?

ಒಂದು ಲೆಕ್ಕವನ್ನು ಮೂವರೂ ಕೂತು ನೋಡಿ. 64 ಜನ ಆಡುವ ಟೂರ್ನಮೆಂಟ್ ಇದ್ದರೆ 63 ಜನ ಸೋತೇ ಮನೆಗೆ ಹೋಗಬೇಕು. ಅರ್ಧದಷ್ಟು ಮಕ್ಕಳು ಮೊದಲ ಪಂದ್ಯಕ್ಕೇ ವಾಪಸ್. ನಾಕೌಟ್ ಅಂದರೆ ಅಷ್ಟೇ, ಒಮ್ಮೆ ಸೋತರೆ ಹೊರಗೆ. ಇನ್ನೂ ಒಂದು ವಿಷಯ. ಮೂರು ಗೇಮಿನಲ್ಲಿ ಎರಡು ಗೆದ್ದವರಿಗೆ ಮ್ಯಾಚ್. 21-19, 8-21, 21-19 ಅಂತ ಒಂದು ಮ್ಯಾಚ್ ಮುಗಿಯಿತು ಅನ್ನಿ. ಗೆದ್ದವಳ ಪಾಯಿಂಟ್ 50, ಸೋತವಳದ್ದು 59! ಅಂಥ ದಿನ ‘ನೀನು ಚೆನ್ನಾಗಿ ಆಡಲಿಲ್ಲ’ ಅಂದರೆ ಅದು ಸುಳ್ಳು. ಫಲಿತಾಂಶ ಬೇರೆ, ಆಟ ಬೇರೆ.

ನಮ್ಮ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದದ್ದು ಎಲ್ಲರಿಗೂ ಗೊತ್ತು. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಅದಕ್ಕೆ ಹಿಂದಿನ ಎರಡು ವರ್ಷವೂ ಚಾಂಪಿಯನ್ ಆಗಿದ್ದ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು. 1981ರಲ್ಲಿ ಮತ್ತೆ ಅದೇ ಟೂರ್ನಿಯ ಫೈನಲ್, ಅದೇ ಇಬ್ಬರು. ಆ ಸಲ ಕಿಂಗ್ ಗೆದ್ದರು. ಒಂದು ವರ್ಷದಲ್ಲಿ ಪ್ರಕಾಶ್ ಆಟ ಮರೆತುಬಿಟ್ಟಿದ್ದರೇ? ಎದುರಿಗೆ ಇರುವವರೂ ಗೆಲ್ಲಲೆಂದೇ ಬಂದಿರುತ್ತಾರೆ. ಅವರೂ ಅಷ್ಟೇ ಬೆವರು ಸುರಿಸಿರುತ್ತಾರೆ. ಸೋತ ಸಿಟ್ಟಿನಲ್ಲಿ ನಾವು ಮೊದಲು ಮರೆಯುವುದು ಇದನ್ನೇ.

ನಿಮ್ಮ ಯಜಮಾನರ ಮೌನವೂ ಸಂಕಟವೇ ಇರಬಹುದು. ರಜೆ ಹಾಕಿ, ಅಷ್ಟು ದೂರ ಗಾಡಿ ಓಡಿಸಿಕೊಂಡು ಬರುವ ಅಪ್ಪ ಅವರು. ಆದರೆ ಹಿಂದಿನ ಸೀಟಿನಲ್ಲಿ ಕೂತ ಮಗುವಿಗೆ ಅದು ಸಿಟ್ಟಾಗಿಯೇ ಕಾಣುತ್ತದೆ. ಮಗಳಿಲ್ಲದ ಹೊತ್ತಿನಲ್ಲಿ ಇದನ್ನು ಅವರಿಗೆ ಹೇಳಿ. ಅವಳಾಗಿಯೇ ಎತ್ತುವವರೆಗೆ ಕಾರಿನಲ್ಲಿ ಮ್ಯಾಚಿನ ಮಾತು ಬೇಡ. ಹಾಡು ಹಾಕಿ, ಹಸಿವಾಯ್ತಾ ಕೇಳಿ. ತಪ್ಪು ಶಾಟ್‌ಗಳ ಕೆಲಸ ಕೋಚ್‌ಗೆ ಬಿಡಿ, ಅದೂ ಒಂದೆರಡು ದಿನ ಕಳೆದ ಮೇಲೆ.

ಹೊಟ್ಟೆನೋವನ್ನು ನಾಟಕ ಅಂದುಕೊಳ್ಳಬೇಡಿ. ಹೆದರಿಕೆಯಿಂದ ಬಂದರೂ ನೋವು ನಿಜವೇ. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಊಟ, ನಿದ್ದೆ ಹೀಗೇ ಕೆಡುತ್ತಿದ್ದರೆ ಮಕ್ಕಳ ಆಪ್ತ ಸಲಹೆಗಾರರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಆಟ ಬೇಕಾ ಬೇಡವಾ ಅಂತ ಅವಳನ್ನೇ ಕೇಳಿ. ಸೋತ ಮರುದಿನ ಬೇಡ, ಗೆದ್ದ ಮರುದಿನವೂ ಬೇಡ. ಟೂರ್ನಮೆಂಟ್ ಇಲ್ಲದ ಒಂದು ವಾರ ನೋಡಿ ಕೇಳಿ. ‘ಆಡ್ತೀನಿ, ಆದ್ರೆ ಸ್ವಲ್ಪ ದಿನ ಟೂರ್ನಮೆಂಟ್ ಬೇಡ’ ಅಂದರೆ ಒಪ್ಪಿಕೊಳ್ಳಿ. ಹೋಗ್ತೀನಿ ಅಂದರೆ, ಮುಂದಿನ ಸಲ ಅವಳ ಜೊತೆ ನೀವು ಹೋಗಿ.