ಕಾಫ್ಕಾ ಬೇಡವೆಂದ ಹುಳವನ್ನು ಕಾಮಿಕ್ಸ್‌ನಲ್ಲಿ ಬಿಡಿಸಬಹುದೇ?

ಬಿಡಿಸಬಹುದು, ಈಗಾಗಲೇ ಬಿಡಿಸಿದ್ದಾರೆ ಕೂಡ. ಆದರೆ ಜರ್ಮನ್ ಭಾಷೆಯ ಕಥೆಗಾರ ಫ್ರಾಂಜ್ ಕಾಫ್ಕಾ ಹೆದರಿದ್ದು ಸುಮ್ಮನೆ ಅಲ್ಲ.

ಮನುಷ್ಯನೊಬ್ಬ ಹುಳವಾಗಿಬಿಡುವ ಆತನ ಕಥೆ ‘ಮೆಟಮಾರ್ಫಸಿಸ್’ 1915ರಲ್ಲಿ ಪುಸ್ತಕವಾಗಿ ಬರುವಾಗ, ಮುಖಪುಟದಲ್ಲಿ ಹುಳವನ್ನು ಬಿಡಿಸಬಾರದು, ದೂರದಿಂದಲೂ ತೋರಿಸಬಾರದು ಎಂದು ಆತ ಪ್ರಕಾಶಕರಿಗೆ ಪತ್ರ ಬರೆದ. ಕೊನೆಗೆ ಅಚ್ಚಾದ ಚಿತ್ರದಲ್ಲಿ ಅರೆತೆರೆದ ಬಾಗಿಲು, ಅದರಾಚೆ ಕತ್ತಲು, ಮುಖ ಮುಚ್ಚಿಕೊಂಡ ಒಬ್ಬ ಮನುಷ್ಯ; ಅಷ್ಟೇ.

ಕಾರಣ ಮೂಲ ಜರ್ಮನ್ ಪದದಲ್ಲಿಯೇ ಇದೆ. ಕಥಾನಾಯಕ ಗ್ರೆಗೊರ್ ಸಾಮ್ಸಾ ಬೆಳಿಗ್ಗೆ ಎದ್ದಾಗ ಆಗಿರುವುದು ‘ಉಂಗೆತ್ಸೀಫರ್’. ಅದು ಜಿರಳೆಯೂ ಅಲ್ಲ, ಜೀರುಂಡೆಯೂ ಅಲ್ಲ. ಮನೆಯಲ್ಲಿ ಇರಬಾರದ ಕ್ಷುದ್ರ ಜೀವಿ ಎಂಬಂಥ ಬೈಗುಳದ ಛಾಯೆಯುಳ್ಳ ಪದ. ಬರಹಗಾರ ಆ ಪದವನ್ನು ಹಾಗೆಯೇ ಮಸುಕಾಗಿ ಬಿಡಬಹುದು. ಚಿತ್ರಕಾರನಿಗೆ ಆ ಸವಲತ್ತಿಲ್ಲ: ಕಾಲು ಎಷ್ಟು, ಮೀಸೆ ಎಷ್ಟುದ್ದ ಎಂದು ಅವನು ತೀರ್ಮಾನಿಸಲೇಬೇಕು.

ಅಮೆರಿಕದ ಚಿತ್ರಕಾರ ಪೀಟರ್ ಕೂಪರ್ ಈ ಕಥೆಯ 2003ರ ತನ್ನ ಕಪ್ಪು-ಬಿಳುಪು ಕಾಮಿಕ್ಸ್‌ನಲ್ಲಿ ಹುಳದ ಮೈಗೆ ಮನುಷ್ಯನ ಮುಖಭಾವವನ್ನು ಕೊಟ್ಟ. ಮೂಲಕ್ಕೆ ಇದು ಅಪಚಾರವೆಂದು ಕೆಲವರಿಗೆ ಅನ್ನಿಸಬಹುದು, ನನಗೆ ಅನ್ನಿಸಲಿಲ್ಲ. ಮನೆಯವರಿಗೆ ಕಾಣದ ಗ್ರೆಗೊರ್ ಓದುಗನಿಗೆ ಕಾಣಬೇಕಲ್ಲ!

ಆದರೂ ನನ್ನ ಮತ ರಂಗಭೂಮಿಗೆ. 1969ರಲ್ಲಿ ಲಂಡನ್ನಿನಲ್ಲಿ ಈ ಕಥೆಯನ್ನು ನಾಟಕವಾಗಿಸಿದ ನಿರ್ದೇಶಕ ಸ್ಟೀವನ್ ಬರ್ಕಾಫ್ ಹುಳದ ವೇಷವನ್ನೇ ಕೈಬಿಟ್ಟು, ನಟನ ದೇಹ ಮತ್ತು ಲೋಹದ ಚೌಕಟ್ಟನ್ನಷ್ಟೇ ನಂಬಿದ. ಅಲ್ಲಿ ಹುಳ ಹುಟ್ಟುವುದು ಪ್ರೇಕ್ಷಕನ ತಲೆಯಲ್ಲಿ. ನೀವು ಹೊಸದಾಗಿ ರೂಪಾಂತರಿಸುವುದಾದರೆ, ಮೊದಲು ಬಾಗಿಲನ್ನು ಬಿಡಿಸಿ; ಒಳಗಿನದನ್ನು ಆಮೇಲೆ ನೋಡೋಣ.