ಐಸಿಯು ಸಿಸ್ಟರ್ ಬಳಿ ಏನು ಕೇಳಬಹುದು?

ಪ್ರಶ್ನೆ: 72 ವರ್ಷದ ನಮ್ಮ ತಂದೆಯವರು ಮೆದುಳಿನ ರಕ್ತಸ್ರಾವದಿಂದ ಪ್ರಜ್ಞೆ ತಪ್ಪಿ, 10 ದಿನಗಳಿಂದ ವೆಂಟಿಲೇಟರ್ ಮೇಲಿದ್ದಾರೆ. ಈಗ ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಹಾಕುವ ಟ್ರಕಿಯಾಸ್ಟಮಿಗೆ ಸಹಿ ಕೇಳಿದ್ದಾರೆ. ಅಣ್ಣ ಒಪ್ಪಿದ್ದಾರೆ, ಅಕ್ಕ ‘ಅಪ್ಪನಿಗೆ ಇನ್ನು ಹಿಂಸೆ ಬೇಡ’ ಎನ್ನುತ್ತಾರೆ. ವೈದ್ಯರು ಸಿಗುವುದು ಐದೇ ನಿಮಿಷ. ಸದಾ ಹತ್ತಿರವಿರುವ ಸಿಸ್ಟರ್‌ಗಳಿಂದ ನಮಗೆ ನೆರವು ಸಿಕ್ಕೀತೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಖಂಡಿತ ಸಿಗುತ್ತದೆ. ಸಿಸ್ಟರ್ ನಿಮ್ಮ ಪರವಾಗಿ ತೀರ್ಮಾನಿಸಲಾರರು, ಮುಂದೇನಾಗುತ್ತದೆಂದು ಭವಿಷ್ಯ ನುಡಿಯಲೂ ಆರರು. ಆದರೆ ದಿನವಿಡೀ ಕಂಡದ್ದನ್ನು ಅವರು ಹೇಳಬಲ್ಲರು. ಉಗುರಿನ ಬುಡವನ್ನು ಒತ್ತಿದಾಗ ನಿಮ್ಮ ತಂದೆ ಕೈ ಎಳೆದುಕೊಳ್ಳುತ್ತಾರೆಯೇ, ಕರೆದಾಗ ಕಣ್ಣು ತೆರೆಯುತ್ತಾರೆಯೇ ಎಂಬುದನ್ನು ಅವರು ಪದೇ ಪದೇ ನೋಡಿ ಬರೆದಿಡುತ್ತಾರೆ. ‘ಬೆರಳು ಅಲುಗಿತು’ ಎಂದು ಮನೆಯವರು ಆಸೆಪಟ್ಟಾಗ, ಅದು ಹೇಳಿದ್ದಕ್ಕೆ ಅಲುಗಿದ್ದೋ, ತಾನಾಗಿಯೇ ಆದದ್ದೋ ಎಂದು ಅವರನ್ನು ಕೇಳಿ. ಈ ವ್ಯತ್ಯಾಸ ಬಹಳ ಮುಖ್ಯ.

ಟ್ರಕಿಯಾಸ್ಟಮಿಯಿಂದ ಬಾಯಿಯ ಕೊಳವೆ ತಪ್ಪುತ್ತದೆ, ಕಫ ತೆಗೆಯುವುದು ಸುಲಭವಾಗುತ್ತದೆ, ಸುಧಾರಿಸಿದರೆ ಮುಂದೆ ಅದನ್ನು ತೆಗೆಯಲೂಬಹುದು. ಆದರೆ ಮೆದುಳಿಗಾದ ಹಾನಿಯನ್ನು ಅದು ಸರಿಪಡಿಸುವುದಿಲ್ಲ. ಹಾಗಾಗಿ ವೈದ್ಯರನ್ನು ಕೇಳಬೇಕಾದದ್ದು, ಇದರಾಚೆಗೆ ಯಾವ ಮಟ್ಟದ ಚೇತರಿಕೆಯನ್ನು ನಿರೀಕ್ಷಿಸಬಹುದು ಎಂಬುದನ್ನು. ಮೂವರು ಮಕ್ಕಳೂ ಒಟ್ಟಿಗೆ ಕುಳಿತು ಮಾತನಾಡಲು ಸಮಯ ಗೊತ್ತುಮಾಡಿಕೊಡುವಂತೆ ಸಿಸ್ಟರ್‌ಗೆ ಹೇಳಿ, ಅವರೂ ಆ ಮಾತುಕತೆಯಲ್ಲಿರಲಿ ಎಂದು ಕೋರಿಕೊಳ್ಳಿ. ವೈದ್ಯರು ಎದ್ದು ಹೋದ ಮೇಲೆ ಅರ್ಥವಾಗದೆ ಉಳಿದದ್ದನ್ನು ಬಿಡಿಸಿ ಹೇಳುವವರು ಹೆಚ್ಚಾಗಿ ಅವರೇ.

ಅನುಭವಸ್ಥ ಸಿಸ್ಟರ್ ‘ನಿಮಗೇನು ಬೇಕು’ ಎಂದು ಕೇಳುವುದಿಲ್ಲ. ‘ಅವರು ಎಂಥವರಾಗಿದ್ದರು, ಇಂಥ ಸ್ಥಿತಿಯ ಬಗ್ಗೆ ಎಂದಾದರೂ ಮಾತನಾಡಿದ್ದರೇ’ ಎಂದು ಕೇಳುತ್ತಾರೆ. ಅಣ್ಣ, ಅಕ್ಕ ಇಬ್ಬರೂ ಮೊದಲು ಇದಕ್ಕೆ ಉತ್ತರಿಸಲಿ. ಆಗ ಯಾರ ಪ್ರೀತಿ ದೊಡ್ಡದೆಂಬ ಜಗಳ ಬದಿಗೆ ಸರಿದು, ತಂದೆಯ ಇಚ್ಛೆ ಮುಂದೆ ಬರುತ್ತದೆ.

ಆರೈಕೆ ಮಾಡುವವರ ಮಾತಿಗೆ ನ್ಯಾಯಾಲಯವೂ ಬೆಲೆ ಕೊಟ್ಟದ್ದುಂಟು. ನಮ್ಮ ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅದೇ ಆಸ್ಪತ್ರೆಯಲ್ಲಿ ಅವರ ಮೇಲೆ ನಡೆದ ದಾಳಿಯಿಂದ ಮೆದುಳಿಗೆ ಹಾನಿಯಾಗಿ ಹಾಸಿಗೆ ಹಿಡಿದ ಅವರನ್ನು, 2015ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿನ ನರ್ಸ್‌ಗಳೇ ನೋಡಿಕೊಂಡರು. ಅವರ ಪರವಾಗಿ ಮಾತನಾಡಬೇಕಾದವರು ಆ ಸಿಬ್ಬಂದಿಯೇ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ತಂದೆಗೆ ಮಕ್ಕಳಿರುವುದರಿಂದ ಆ ಹೊಣೆ ನಿಮ್ಮದು.

ಚಿಕಿತ್ಸೆ ಮುಂದುವರಿಸುವುದರಿಂದ ಪ್ರಯೋಜನವಿಲ್ಲವೆಂದು ವೈದ್ಯರೇ ಹೇಳಿದರೆ, ಸುಪ್ರೀಂ ಕೋರ್ಟ್‌ನ 2018ರ ತೀರ್ಪು ಮತ್ತು ಅದಕ್ಕೆ 2023ರಲ್ಲಿ ಮಾಡಿದ ತಿದ್ದುಪಡಿಯಂತೆ ಎರಡು ವೈದ್ಯಕೀಯ ಮಂಡಳಿಗಳು ಪರಿಶೀಲಿಸಿ, ಕುಟುಂಬದವರ ಒಪ್ಪಿಗೆ ಪಡೆದು ಜೀವರಕ್ಷಕ ಉಪಕರಣಗಳನ್ನು ಹಿಂತೆಗೆಯಲು ಅವಕಾಶವಿದೆ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕಾಗಿ ಆದೇಶ ಹೊರಡಿಸಿದೆ. ಅಲ್ಲಿಗೆ ಬಂದರೂ ಆರೈಕೆ ನಿಲ್ಲುವುದಿಲ್ಲ: ನೋವಿನ ಔಷಧ, ಬಾಯಿ ಶುಚಿಗೊಳಿಸುವುದು, ಮಗ್ಗುಲು ಬದಲಿಸುವುದು ಎಲ್ಲ ನಡೆಯುತ್ತಲೇ ಇರುತ್ತದೆ. ಅಕ್ಕನಿಗೆ ಈ ಮಾತನ್ನು ಸಿಸ್ಟರ್ ಬಾಯಿಂದಲೇ ಕೇಳಿಸಿ. ಟ್ರಕಿಯಾಸ್ಟಮಿ ಸಾಮಾನ್ಯವಾಗಿ ತಕ್ಷಣವೇ ಆಗಬೇಕಾದ ಶಸ್ತ್ರಚಿಕಿತ್ಸೆಯಲ್ಲ. ಒಂದೆರಡು ದಿನ ಕಾಲಾವಕಾಶ ಕೊಡಬಹುದೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ, ಮೂವರೂ ಮಾತನಾಡಿಕೊಂಡ ಮೇಲೆ ತೀರ್ಮಾನ ತಿಳಿಸಿ.