ಇಸ್ತಾಂಬುಲ್‌ಗೆ ಹೋಗುವ ಮೊದಲು ಟರ್ಕಿಯ ಕಾದಂಬರಿಕಾರ ಪಾಮುಕ್ ಅವರ ಪುಸ್ತಕಗಳನ್ನೆಲ್ಲ ಓದಿ ಮುಗಿಸಬೇಕಾ? ಯಾವ ಕ್ರಮದಲ್ಲಿ?

ಬೇಡ. ನಾಲ್ಕು ದಿನದ ಪ್ರವಾಸಕ್ಕೆ ಆರು ಪುಸ್ತಕ ಅಂತ ನೀವು ಬರೆದದ್ದು ನೋಡಿ ನನ್ನ ಹಳೇ ಡೈರಿಯೇ ಕಣ್ಮುಂದೆ ಬಂತು.

ನಾನು ಹೋದದ್ದು ಒಂದು ಜನವರಿಯಲ್ಲಿ. ಆಗ ಒರ್ಹಾನ್ ಪಾಮುಕ್ ಅವರ 'ದಿ ಮ್ಯೂಸಿಯಂ ಆಫ್ ಇನ್ನೊಸೆನ್ಸ್' ಓದುತ್ತಿದ್ದೆ. ಅದರಲ್ಲಿ 83 ಅಧ್ಯಾಯ, ನಾನಿದ್ದದ್ದು 61ರಲ್ಲಿ. ಕೆಮಾಲ್ ಅನ್ನುವ ಶ್ರೀಮಂತರ ಮನೆಯ ಹುಡುಗ, ದೂರದ ನೆಂಟರ ಹುಡುಗಿ ಫ್ಯೂಸುನ್‌ಗೆ ಮನಸ್ಸು ಕೊಡುತ್ತಾನೆ. ಅವಳು ಕೈತಪ್ಪಿದ ಮೇಲೆ ಎಂಟು ವರ್ಷ ಅವಳ ಮನೆಗೆ ಊಟಕ್ಕೆ ಹೋಗುತ್ತಾನೆ. ಅವಳು ಮುಟ್ಟಿದ್ದನ್ನೆಲ್ಲ ಎತ್ತಿಕೊಂಡು ಬರುತ್ತಾನೆ. ಉಪ್ಪಿನ ಡಬ್ಬಿ, ಸೇದಿ ಬಿಟ್ಟ ಸಿಗರೇಟಿನ ತುಂಡು, ಎಲ್ಲ. ಕಾದಂಬರಿ ಬಂದದ್ದು 2008ರಲ್ಲಿ. 2012ರಲ್ಲಿ ಪಾಮುಕ್ ಇಸ್ತಾಂಬುಲ್‌ನ ಚುಕುರ್‌ಜುಮಾ ಬಡಾವಣೆಯ ಒಂದು ಹಳೇ ಮನೆಯಲ್ಲಿ ಆ ಮ್ಯೂಸಿಯಂ ಅನ್ನು ನಿಜವಾಗಿಯೂ ತೆರೆದರು. ಅಧ್ಯಾಯಕ್ಕೊಂದು ಗಾಜಿನ ಪೆಟ್ಟಿಗೆ. ಗೋಡೆಯ ಮೇಲೆ 4,213 ಸಿಗರೇಟಿನ ತುಂಡು.

ಪುಸ್ತಕ ಮುಗಿಸದೆ ಅದರೊಳಗೆ ಕಾಲಿಡಬಾರದು ಅಂತ ನಾನು ಹಠ ಹಿಡಿದೆ. ಮೊದಲ ದಿನ ಪಾಮುಕ್ ಬೆಳೆದ ನಿಶಾಂತಾಶಿ ಬಡಾವಣೆಯಲ್ಲಿ ಸುತ್ತಿದೆ. ಎರಡನೇ ದಿನ ತೋಪ್‌ಕಾಪಿ ಅರಮನೆ. ಮ್ಯೂಸಿಯಂನಿಂದ ಹತ್ತೇ ನಿಮಿಷ ದೂರದ ಹೋಟೆಲಿನಲ್ಲಿ ರಾತ್ರಿಯೆಲ್ಲ ಕೂತು ಓದಿದೆ. ಭಾನುವಾರ ಮಧ್ಯರಾತ್ರಿ ಕೊನೆಯ ಪುಟ ಮುಗಿಯಿತು. ಬೆಳಿಗ್ಗೆ ಇಳಿಜಾರಿನಲ್ಲಿ ಓಡೋಡಿ ಹೋದೆ. ಕೆಂಪು ಬಣ್ಣದ ಮನೆ, ಮುಚ್ಚಿದ ಬಾಗಿಲು. ಸೋಮವಾರ ಅದಕ್ಕೆ ರಜೆ. ಸಂಜೆ ನನ್ನ ವಿಮಾನ.

ವಾರ ನೋಡಿಕೊಳ್ಳಲಿಲ್ಲ, ಅದು ತಪ್ಪೇ. ಆದರೆ ನನಗೆ ಇವತ್ತಿಗೂ ಚುಚ್ಚುವುದು ಅದಲ್ಲ. ವಾರ ನೋಡಿದ್ದರೂ ನಾನು ಅದನ್ನು ಕೊನೆಗೇ ಇಡುತ್ತಿದ್ದೆ. ಯಾಕೆಂದರೆ ಪುಸ್ತಕ ಮೊದಲು, ಊರು ಆಮೇಲೆ, ಓದಿದ್ದನ್ನು ಹೋಗಿ ತಾಳೆ ನೋಡುವುದೇ ಪ್ರವಾಸ ಅಂತ ತಿಳಿದಿದ್ದೆ. ಪಾಮುಕ್ ಬರೆದ ರೀತಿಯೇ ಹಾಗಲ್ಲ. 90ರ ದಶಕದಿಂದಲೇ ಹಳೇ ಸಾಮಾನಿನ ಅಂಗಡಿಗಳಲ್ಲಿ ಒಂದೊಂದೇ ವಸ್ತು ಕೊಂಡು ತರುತ್ತಾ, ಅದನ್ನು ನೋಡುತ್ತಾ ಕಥೆ ಕಟ್ಟಿದರು. ಹೀಗೆ ಸಿಕ್ಕ ಒಂದು ಉಡುಪನ್ನು ಎದುರಿಗಿಟ್ಟುಕೊಂಡೇ ಫ್ಯೂಸುನ್ ಕಾರು ಕಲಿಯುವ ದೃಶ್ಯ ಬರೆದರಂತೆ. ಅಂದರೆ ಎಷ್ಟೋ ಕಡೆ ವಸ್ತುವೇ ಮೊದಲು, ವಾಕ್ಯ ಆಮೇಲೆ. 61ನೇ ಅಧ್ಯಾಯದಲ್ಲಿ ನಿಂತು ಒಳಗೆ ಹೋಗಿದ್ದರೆ ನನಗೇನೂ ನಷ್ಟ ಆಗುತ್ತಿರಲಿಲ್ಲ.

ನಿಮ್ಮ ಪಟ್ಟಿಯಿಂದ 'ಸ್ನೋ' ತೆಗೆದುಬಿಡಿ. ಒಳ್ಳೇ ಕಾದಂಬರಿ, ಆದರೆ ಅದು ನಡೆಯುವುದು ಕಾರ್ಸ್ ಊರಿನಲ್ಲಿ. ಅಲ್ಲಿಗೆ ಇಸ್ತಾಂಬುಲ್‌ನಿಂದ ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ. 'ಮೈ ನೇಮ್ ಈಸ್ ರೆಡ್' 1591ರ ಚಿತ್ರಕಾರರ ಕಥೆ, ವಾಪಸ್ ಬಂದು ನಿಧಾನವಾಗಿ ಓದಿ. ಎಲ್ಲರೂ ಅವರ ನೆನಪುಗಳ ಪುಸ್ತಕ 'ಇಸ್ತಾಂಬುಲ್' ಮೊದಲು ಓದಿ ಅನ್ನುತ್ತಾರೆ. ನಾನು ಒಪ್ಪಲ್ಲ. ಅದರ ತುಂಬಾ 'ಹ್ಯೂಜುನ್', ಅಂದರೆ ಇಡೀ ಊರಿಗೇ ಕವಿದ ಒಂದು ದುಃಖ. ಅದನ್ನು ಓದಿಕೊಂಡು ಹೋದ ನಾನು ಮೂರು ದಿನ ಬೂದು ಬಣ್ಣವನ್ನೇ ಹುಡುಕಿದೆ. ಮೀನು ಹಿಡಿಯುತ್ತಾ ನಗುತ್ತಿದ್ದ ಜನರನ್ನು ಸರಿಯಾಗಿ ನೋಡಲೇ ಇಲ್ಲ.

ಒಂದೇ ಪುಸ್ತಕ ಅಂದರೆ 'ಎ ಸ್ಟ್ರೇಂಜ್‌ನೆಸ್ ಇನ್ ಮೈ ಮೈಂಡ್'. ಹಳ್ಳಿಯಿಂದ ಹನ್ನೆರಡನೇ ವಯಸ್ಸಿಗೆ ಅಪ್ಪನ ಹಿಂದೆ ಇಸ್ತಾಂಬುಲ್ ಸೇರಿದ ಮೆವ್ಲುತ್, ಚಳಿಗಾಲದ ರಾತ್ರಿ ಹೆಗಲ ಮೇಲೆ ಅಡ್ಡೆ ಹೊತ್ತು ಬೋಜಾ ಅನ್ನುವ, ಧಾನ್ಯ ಹುಳಿ ಬರಿಸಿ ಮಾಡಿದ ಪೇಯ ಮಾರುತ್ತಾನೆ. ಹೊಸಬರ ಕಣ್ಣಿಗೆ ಕಾಣುವ ಊರು ಅದು, ನಿಮ್ಮ ಕಣ್ಣಿಗೆ ಹತ್ತಿರ. ಅಲ್ಲಿನ ವೆಫಾ ಬಡಾವಣೆಯಲ್ಲಿ 1876ರಿಂದ ಇರುವ ಅಂಗಡಿಯಲ್ಲಿ ಬೋಜಾ ಕುಡಿಯಿರಿ. ನಮ್ಮ ಅಂಬಲಿಗಿಂತ ಗಟ್ಟಿ, ಹುಳಿಸಿಹಿ, ಮೇಲೆ ದಾಲ್ಚಿನ್ನಿ ಪುಡಿ ಮತ್ತು ಹುರಿಗಡಲೆ.

ಶುಕ್ರವಾರ ಇಳಿಯುತ್ತೇನೆ ಅಂದಿದ್ದೀರಿ ಅಲ್ವಾ? ಶನಿವಾರ ಬೆಳಿಗ್ಗೆಯೇ ಚುಕುರ್‌ಜುಮಾಕ್ಕೆ ಹೋಗಿ. 'ದಿ ಮ್ಯೂಸಿಯಂ ಆಫ್ ಇನ್ನೊಸೆನ್ಸ್' ಎಲ್ಲಿಗೆ ನಿಂತಿದ್ದರೂ ಸರಿ, ಅಚ್ಚಿನ ಪ್ರತಿ ಕೈಯಲ್ಲಿರಲಿ. ಕೊನೆಯ ಅಧ್ಯಾಯದಲ್ಲಿ ಒಂದು ಟಿಕೆಟ್ ಮುದ್ರಿಸಿದ್ದಾರೆ. ಬಾಗಿಲಲ್ಲಿ ಅದರ ಮೇಲೆ ಸೀಲು ಹಾಕಿ ಉಚಿತವಾಗಿ ಒಳಗೆ ಬಿಡುತ್ತಾರೆ. ನನ್ನ ಪುಸ್ತಕದಲ್ಲಿ ಆ ಜಾಗ ಇನ್ನೂ ಖಾಲಿ ಇದೆ.